ರಕ್ತಕ್ಕೆ ತಣ್ಣೀರು

ಗ್ರೀರ್ ಸಾಹೇಬನ ಕೈ ಸುಟ್ಟದ್ದು ಒಂದು ಮಂಗಳವಾರ, ಹಾಡಹಗಲು, ಅವನದೇ ಅಡುಗೆಮನೆಯ ಇಸ್ತ್ರಿ ಮೇಜಿನ ಮೇಲೆ. ಸುಟ್ಟವಳು ಸಿಯೋಲಾ. ಊರಿಗೆ ಅವನು ಹೇಳಿಕೊಂಡದ್ದು ಬೇರೆ ಕಥೆ, ಹತ್ತಿ ಗಿರಣಿಯ ಬಾಯ್ಲರು ತಾಗಿತು ಅಂತ. ಇಸ್ತ್ರಿಪೆಟ್ಟಿಗೆಯ ಮೂತಿ ಮೂರು ಬೆರಳಿನ ಮೇಲೆ ಅಚ್ಚೊತ್ತಿದ ಹಾಗೆ ಕಾಣುತ್ತಿದ್ದರೂ ಎಲ್ಲರೂ ಹೌದು ಬಾಯ್ಲರೇ ಎಂದು ತಲೆಯಾಡಿಸಿದರು. ಊರಿಗೆ ಒಂದೇ ಗಿರಣಿ, ಅದು ಅವನದು.

ಸಿಯೋಲಾಗೆ ಇಪ್ಪತ್ತು ವರ್ಷ. ಹುಟ್ಟಿದ್ದೇ ಆ ಅಡುಗೆಮನೆಯ ಹಿಂದಿನ ಗೂಡಿನಲ್ಲಿ. ಅವಳ ಅವ್ವ ಕರಿಯ ಗುಲಾಮಳಾಗಿ ಆ ಬಿಳಿಯರ ಮನೆಗೆ ಬಂದವಳು, ಗುಲಾಮಗಿರಿ ಹೋದಮೇಲೂ ಅಲ್ಲೇ ಬೇಯಿಸಿ ಬೇಯಿಸಿ ಒಂದು ದಿನ ಒಲೆಯ ಮುಂದೆಯೇ ಕುಸಿದು ಸತ್ತಳು. ಅವ್ವನ ಸೌಟು ಮಗಳ ಕೈಗೆ ಬಂತು. ಗೂಡಿನ ಗೋಡೆಗೆ ಒಂದು ಗಂಟೆ ಇತ್ತು, ಅದರ ತಂತಿ ಮಹಡಿಯ ಮೇಲೆ ಗ್ರೀರ್‌ನ ಹೆಂಡತಿ ಆಡಲೈನ್ ಅಮ್ಮನ ಹಾಸಿಗೆಯ ಪಕ್ಕ. ಅದು ಕುಣಿದಾಗಲೆಲ್ಲ ಬಾಯಿಗಿಟ್ಟ ತುತ್ತು ಬಿಟ್ಟು ಏಳಬೇಕು. ಕಾನೂನಿನ ಪ್ರಕಾರ ಸಿಯೋಲಾ ಹುಟ್ಟುವಾಗಲೇ ಸ್ವತಂತ್ರಳು. ಆ ಕಾನೂನನ್ನು ಬರೆದವರು ಗಂಟೆಯ ವಿಷಯ ಬರೆಯಲು ಮರೆತಿದ್ದರು.

ಆ ಮಂಗಳವಾರ ಗ್ರೀರ್ ಹಿಂದಿನಿಂದ ಬಂದು ಒಂದು ಕೈಯಲ್ಲಿ ಅವಳ ಕತ್ತು ಹಿಡಿದ. ಇನ್ನೊಂದು ಕೈಯನ್ನು ಮೇಜಿಗೆ ಊರಿದ್ದ. ಅದು ಮೊದಲ ಸಲವಲ್ಲ. ಹಿಂದಿನ ಸಲಗಳಲ್ಲಿ ಅವಳ ಕೈಯಲ್ಲಿ ಕಾದ ಕಬ್ಬಿಣ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಆ ಬೆರಳುಗಳ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಚರ್ಮ ಸುಟ್ಟ ವಾಸನೆ ಎದ್ದಿತು. ಅವನು ಹಂದಿಯ ಹಾಗೆ ಕಿರುಚಿ, ಒಳ್ಳೆಯ ಕೈಯಿಂದ ಅವಳ ದವಡೆಗೆ ಗುದ್ದಿದ. ಒಂದು ಹಲ್ಲು ಕಳಚಿ ನಾಲಿಗೆಯ ಮೇಲೆ ಬಿತ್ತು. ಸಿಯೋಲಾ ಅದನ್ನು ಆಗಷ್ಟೇ ಇಸ್ತ್ರಿ ಮಾಡಿದ್ದ ದಿಂಬಿನ ಚೀಲದ ಮೇಲೆ ಉಗಿದು, ಊಟದ ಕೋಣೆ ದಾಟಿ, ನಡುಮನೆ ದಾಟಿ, ಕರಿಯರು ದಾಟಬಾರದ ಮುಂಬಾಗಿಲಿನಿಂದ ಹೊರಗೆ ನಡೆದಳು. ಮೆಟ್ಟಿಲ ಮೇಲೆ ಆಡಲೈನ್ ಅಮ್ಮ ನಿಂತಿದ್ದಳು. ಎಲ್ಲ ನೋಡಿದಳು.

ಹಳ್ಳದ ಓಣಿಯಲ್ಲಿ ಅಣ್ಣ ಹೊಸಿಯಾನ ಮನೆ. ಇಟ್ಟಿಗೆ ಗೂಡಿನಲ್ಲಿ ಕೆಲಸ, ಒಂದೇ ಕೋಣೆ, ಮುಂದೆ ದಿನಾ ಗುಡಿಸಿ ಗೀರು ಬಿದ್ದ ಮಣ್ಣಿನ ಅಂಗಳ. ತಂಗಿಯ ಊದಿದ ಮುಖ ನೋಡಿ ಅವನು ಒದ್ದೆ ಬಟ್ಟೆ ತಂದುಕೊಟ್ಟು, ಕೇಳಿದ್ದು ಇಷ್ಟು:

"ಮುಂಬಾಗಿಲಿಂದ ಬಂದ್ಯಾ? ನಿಜ ಹೇಳು."

"ಮುಂಬಾಗಿಲಿಂದ್ಲೇ ಅಣ್ಣ."

"ಹೋಗ್ತಾ ಕಾಲಾದ್ರೂ ಒರೆಸ್ಕೊಂಡ್ಯೋ ಇಲ್ವೋ?"

ಸಿಯೋಲಾ ನಕ್ಕಳು, ದವಡೆ ನೋವಿಗೆ ಅತ್ತಳು, ಮತ್ತೆ ನಕ್ಕಳು.

ಮುಂದಿನ ವಾರ ಹೊಸಿಯಾ ಎಲ್ಲಿಂದಲೋ ಒಂದು ಕಬ್ಬಿಣದ ಹಂಡೆ ಹೊತ್ತು ತಂದ. ಮೂರು ಕಾಲಿನದು, ಒಂದು ಕರು ಮಲಗುವಷ್ಟು ದೊಡ್ಡದು. ಅಲ್ಲಿಂದ ಅವಳೂ ಓಣಿಯ ಅಗಸಗಿತ್ತಿಯರಲ್ಲಿ ಒಬ್ಬಳಾದಳು. ಸೋಮವಾರ ಬಿಳಿಯರ ಮನೆಗಳಿಂದ ಗಂಟು ತರುವುದು, ತಲೆಯ ಮೇಲೆ ಸಿಂಬೆ ಇಟ್ಟು. ಮಂಗಳವಾರ, ಬುಧವಾರ ಕುದಿಸಿ ಬಡಿಯುವುದು. ಆಮೇಲೆ ಗಂಜಿ, ಇಸ್ತ್ರಿ. ಶನಿವಾರ ಮಧ್ಯಾಹ್ನ ಬುಟ್ಟಿಯಲ್ಲಿ ಜೋಡಿಸಿ, ಬಿಳಿ ಬಟ್ಟೆ ಮುಚ್ಚಿ, ವಾಪಸ್ಸು. ಯಾರ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಕಾಲರಿನ ಒಳಗೆ ಬಣ್ಣದ ದಾರದ ಎರಡು ಹೊಲಿಗೆ. ಸಿಯೋಲಾಗೆ ನಾಲ್ಕು ಮನೆ ಸಿಕ್ಕವು. ಅವಳ ಕೈಬೆರಳ ಸಂದುಗಳಲ್ಲಿ ಬೂದಿನೀರಿಗೆ ಚರ್ಮ ಸುಲಿಯಿತು, ಬೆನ್ನು ಬಾಗಿತು. ಆದರೂ ಆ ಮೂರು ತಿಂಗಳು ಅವಳಷ್ಟು ಸುಖದಲ್ಲಿ ಇದ್ದವರು ಊರಿನಲ್ಲಿ ಇರಲಿಲ್ಲ ಎಂದು ನಾನು ಎದೆತಟ್ಟಿ ಹೇಳುತ್ತೇನೆ. ಹಸಿವಾದಾಗ ಉಣ್ಣುತ್ತಿದ್ದಳು. ಒಂದು ಮನೆಯವರು ಪರದೆಗಳನ್ನೂ ಒಗೆದುಕೊಡು ಎಂದಾಗ "ಈ ವಾರ ಆಗಲ್ಲ ಅಮ್ಮಾವ್ರೆ" ಎಂದಳು. ಆಗಲ್ಲ ಎಂಬ ಮಾತನ್ನು ಹುಟ್ಟಿದಾರಭ್ಯ ಅವಳು ಬಿಳಿಯರ ಮುಂದೆ ಆಡಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಹೊರಳಿಸುತ್ತ ಮನೆಗೆ ಬಂದಳು.

ಓಣಿಯ ಹಿರಿಯಳು ಪಕ್ಕದ ಮನೆಯ ವಾಷ್ಟಿ ದೊಡ್ಡಮ್ಮ. ಚಂದಾ ಕೂಡಿಸಿ ಸತ್ತವರನ್ನು ಮಣ್ಣುಮಾಡುವ ಹೆಂಗಸರ ಸಂಘಕ್ಕೆ ಅವಳೇ ಯಜಮಾನಿ. ಅವಳದೊಂದು ಕಟ್ಟಳೆ ಇತ್ತು, ಎಲ್ಲರಿಗೂ ಅದು ದೇವರ ವಾಕ್ಯ. ಗಂಟಿನಲ್ಲಿ ಕಂಡದ್ದನ್ನು ಗಂಟಿನ ಹೊರಗೆ ಆಡಬಾರದು. ಯಾವ ಸಾಹೇಬ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾನೆ, ಯಾವ ಅಮ್ಮನಿಗೆ ಈ ತಿಂಗಳೂ ಗರ್ಭ ನಿಲ್ಲಲಿಲ್ಲ, ಇವೆಲ್ಲ ಓಣಿಗೆ ಗೊತ್ತು, ಓಣಿಯಾಚೆ ಗೊತ್ತಿಲ್ಲ. ಓಣಿಯೊಳಗೆ ಮಾತ್ರ ನಗುವಿಗೆ ಬರವಿರಲಿಲ್ಲ.

"ನಮ್ಮ ಪಾದ್ರಿ ಸಾಹೇಬ್ರ ಒಳಚಡ್ಡಿ ನೋಡ್ದಮೇಲೆ ನಂಗೆ ಅವರ ಪ್ರಸಂಗ ಕೇಳೋಕೇ ಆಗ್ತಿಲ್ಲ ಕಣ್ರೇ," ಎನ್ನುವಳು ಎದುರು ಮನೆಯ ಡೋವಿ.

"ಬಾಯಿ ಮುಚ್ಚೇ ಬಜಾರಿ, ಬಡಿಯೋ ದೊಣ್ಣೆಯಿಂದ ನಿನ್ನೇ ಬಡೀತೀನಿ," ಎಂದು ವಾಷ್ಟಿ ಗದರಿಸಿ, ಆ ಕಡೆ ತಿರುಗಿ ತಾನೂ ನಗುವಳು.

ಇತ್ತ ಗ್ರೀರ್‌ನ ಹೊಟ್ಟೆ ಉರಿ ಆರಲಿಲ್ಲ. ಬಕ್ನರ್ ಎಂಬ ಸಹಾಯಕ ಷರೀಫನ, ಅಂದರೆ ಊರಿನ ಪೊಲೀಸಿನವನ ಮೂಲಕ ಎರಡು ಸಲ ಹೇಳಿಕಳಿಸಿದ, ಹುಡುಗಿ ತನ್ನ ಕೆಲಸಕ್ಕೆ ವಾಪಸ್ಸು ಬರಬೇಕು ಅಂತ. ಮೂರನೆಯ ಸಲ ತಾನೇ ಕೇಳಿದ, ಜನ ತುಂಬಿದ ಶನಿವಾರ ಮಧ್ಯಾಹ್ನ, ದೊಡ್ಡ ಬೀದಿಯಲ್ಲಿ, ಹೊಸಿಯಾ ಮೊಳೆ ಕೊಳ್ಳಲು ಬಂದಿದ್ದಾಗ.

"ನಿನ್ನ ತಂಗಿಗೆ ಹೇಳೋ. ಸೋಮವಾರ ಬೆಳಿಗ್ಗೆ ನನ್ನ ಒಲೆ ಮುಂದೆ ಇರ್ಬೇಕು."

ಹೊಸಿಯಾ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಮರ್ಯಾದೆಗೆ ಕಡಿಮೆ ಮಾಡಲಿಲ್ಲ. "ಅವಳು ಬರಲ್ಲ ಸಾಹೇಬ್ರೆ," ಎಂದ. "ಅವಳಿಗೆ ಅವಳದೇ ಒಲೆ ಇದೆ."

ಅಷ್ಟೇ ಮಾತು. ಅಷ್ಟಕ್ಕೆ ಗ್ರೀರ್ ಅಂಗಡಿಯ ಬಾಗಿಲಲ್ಲಿದ್ದ ಗುದ್ದಲಿಯ ಕಾವು ಎಳೆದು ಅವನ ಕಿವಿಯ ಮೇಲೆ ಬೀಸಿದ. ಬಿದ್ದವನನ್ನು ಬಕ್ನರ್ ಬೂಟಿನಿಂದ ಒದ್ದ. ಆಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ, ಸಂತೆಯಲ್ಲಿ ಪುಕ್ಕಟೆ ಏನೋ ಹಂಚುತ್ತಿದ್ದಾರೆಂಬ ಹಾಗೆ. ಕಾಲಿಗೆ ಹಗ್ಗ ಕಟ್ಟಿ ಗಾಡಿಯ ಹಿಂದೆ ಇಟ್ಟಿಗೆ ಗೂಡಿನ ತನಕ ಎಳೆದರು. ಅಲ್ಲಿ ಅವನು ಸುಟ್ಟ ಇಟ್ಟಿಗೆಗಳಿಂದಲೇ ಜಜ್ಜಿದರು. ಉಸಿರು ಇನ್ನೂ ಇದೆ ಎಂದು ಕಂಡಾಗ ಬಕ್ನರ್ ಗುಂಡು ಹೊಡೆದ.

ಮೊದಲ ಏಟು ಬಿದ್ದಾಗ ಸಿಯೋಲಾ ಬುಟ್ಟಿ ಹೊತ್ತು ಅದೇ ಬೀದಿಯ ಮೂಲೆಯಲ್ಲಿದ್ದಳು. ವಾಷ್ಟಿ ಅವಳನ್ನು ಮೇವಿನ ಅಂಗಡಿಯ ಹಿಂದಕ್ಕೆ ಎಳೆದು, ನೆಲಕ್ಕೆ ಕೆಡವಿ, ಮೈಮೇಲೆ ಕೂತು, ಬಾಯಿಗೆ ಅಂಗೈ ಒತ್ತಿದಳು. ಸಿಯೋಲಾ ಆ ಅಂಗೈಯನ್ನು ಎಲುಬು ತಾಗುವವರೆಗೆ ಕಚ್ಚಿದಳು. ವಾಷ್ಟಿ ಕೈ ತೆಗೆಯಲಿಲ್ಲ.

ಭಾನುವಾರ ಹೆಣವನ್ನು ತೊಳೆದವರು ಓಣಿಯ ಹೆಂಗಸರು. ಮುಖವೆಂದು ಹೇಳುವಂಥದ್ದು ಉಳಿದಿರಲಿಲ್ಲ, ಅದಕ್ಕೆ ಬಟ್ಟೆ ಸುತ್ತಿಯೇ ಮಣ್ಣಿಗಿಟ್ಟರು. ಸೋಮವಾರ ಬೆಳಿಗ್ಗೆ ಸಾವಿನ ವಿಚಾರಣೆಗೆಂದು ಊರಿನ ಆರು ಜನ ಬಿಳಿಯರು ಕೂತು, ಎದ್ದರು. ಹೊಸಿಯಾ ಸತ್ತದ್ದು ಅಪರಿಚಿತರ ಕೈಯಿಂದ, ಎಂದು ಬರೆದರು.

ಸಿಯೋಲಾ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು. ವಾಷ್ಟಿಯೇ ಕೈಗೆ ಪಟ್ಟಿ ಕಟ್ಟಿಕೊಂಡು ಇವಳ ನಾಲ್ಕು ಮನೆಗೂ ಹೋಗಿ ಗಂಟು ತಂದು ಅಂಗಳದಲ್ಲಿ ಎಸೆದಳು.

"ಏಳು ಮಗಾ. ಈ ವಾರ ಗಂಟು ತಪ್ತು ಅಂದ್ರೆ ನಾಲ್ಕು ಮನೇನೂ ಹೋಯ್ತು. ಆಮೇಲೆ ಗ್ರೀರ್ ಒಲೆಯೇ ಗತಿ. ಅದಕ್ಕೇ ಏನು ಅವನು ಸತ್ತಿದ್ದು?"

ಆ ಮಾತಿಗೆ ಸಿಯೋಲಾ ಎದ್ದು ಹಂಡೆಗೆ ಬೆಂಕಿ ಹಾಕಿದಳು. ಮೊದಲ ಗಂಟು ಬಿಚ್ಚಿದಳು. ಕೆಂಪು ದಾರದ ಹೊಲಿಗೆ, ಬಕ್ನರ್ ಮನೆಯದು. ಮೇಜುಬಟ್ಟೆ, ಟವೆಲು, ಕೆಳಗೆ ಬಿಳಿ ಅಂಗಿ. ಎದೆ, ತೋಳು, ತೋಳಿನ ತುದಿ, ಎಲ್ಲ ಕಂದು ಕಟ್ಟಿ ಒಣಗಿತ್ತು. ಜೊತೆಗೆ ಇಟ್ಟಿಗೆಯ ಕೆಂಪು ಪುಡಿ. ಅಡಗಿಸುವ ಗೋಜಿಗೂ ಅವನು ಹೋಗಿರಲಿಲ್ಲ. ಸತ್ತವನ ತಂಗಿಯ ಕೈಗೆ ಇದು ಹೋಗುತ್ತದೆ ಎಂದು ಆ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಗಸಗಿತ್ತಿಗೆ ಅಣ್ಣ ಇರುತ್ತಾನೆ ಎಂಬುದೇ ಅವರಿಗೆ ಹೊಸ ಸಂಗತಿ.

ಎದುರು ಅಂಗಳದಿಂದ ಡೋವಿ ಒಂದು ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಬಂದಳು, ಹಸಿರು ದಾರದ್ದು. ಅವಳ ಬಾಯಲ್ಲಿ ಅವತ್ತು ತಮಾಷೆ ಇರಲಿಲ್ಲ. ಒಬ್ಬೊಬ್ಬರೇ ಬಂದರು. ಅಪರಿಚಿತರ ಅಂಗಿಗಳು ಹಳ್ಳದ ಓಣಿಯಲ್ಲಿದ್ದವು, ಒಂದೊಂದಕ್ಕೂ ದಾರದ ಗುರುತು ಸಮೇತ. ವಾಷ್ಟಿಯ ಗಂಟಿನಲ್ಲೂ ಒಂದಿತ್ತು.

"ತಣ್ಣೀರು ತುಂಬಿಸ್ರೇ," ಎಂದಳು ವಾಷ್ಟಿ. ಧ್ವನಿ ಗಟ್ಟಿಯಾಗಿಯೇ ಇತ್ತು. "ಉಪ್ಪು ತನ್ನಿ. ಗಂಟಿನಲ್ಲಿ ಕಂಡದ್ದು ಗಂಟಿನಲ್ಲೇ. ನಮ್ಮ ಮಕ್ಕಳು ಮರಿ ಬದುಕ್ಬೇಕು."

ರಕ್ತಕ್ಕೆ ತಣ್ಣೀರೇ ಆಗಬೇಕು. ತಣ್ಣೀರು, ಉಪ್ಪು, ಒಂದು ರಾತ್ರಿ ನೆನೆಸು, ಅಂಗೈಯಲ್ಲಿ ಉಜ್ಜು, ಬಿಡುತ್ತದೆ. ಬಿಸಿನೀರು ಒಮ್ಮೆ ತಾಗಿತೋ ಮುಗಿಯಿತು, ಬಟ್ಟೆ ಹರಿದು ಚಿಂದಿಯಾದರೂ ಕಲೆ ಹೋಗದು. ಓಣಿಯ ಆರು ವರ್ಷದ ಹೆಣ್ಣುಮಗುವಿಗೂ ಇದು ಗೊತ್ತು.

ವಾಷ್ಟಿಯೇ ತೊಟ್ಟಿಗೆ ನೀರು ಸುರಿದು, ಬಕ್ನರ್‌ನ ಅಂಗಿಯನ್ನು ಮುಳುಗಿಸಲು ಹೋದಳು. ಸಿಯೋಲಾ ತೊಟ್ಟಿಯನ್ನು ಕಾಲಿನಿಂದ ಒದ್ದು ಉರುಳಿಸಿದಳು. ಅಂಗಿಯನ್ನು ದೊಣ್ಣೆಯ ತುದಿಗೆ ಸಿಕ್ಕಿಸಿಕೊಂಡು, ಕೊತಕೊತ ಕುದಿಯುತ್ತಿದ್ದ ಹಂಡೆಯೊಳಕ್ಕೆ ಅದ್ದಿ ತಳದವರೆಗೆ ಒತ್ತಿಹಿಡಿದಳು.

"ಹುಚ್ಚು ಹಿಡೀತಾ ನಿಂಗೆ! ನಿನ್ನ ಕೊಂದುಹಾಕ್ತಾರೆ ಕಣೇ!"

"ಕೊಲ್ಲಲಿ ದೊಡ್ಡಮ್ಮ. ನನ್ನ ಹಂಡೆ, ನನ್ನ ಬೆಂಕಿ. ನಮ್ಮಣ್ಣನ್ನ ಈ ಕೈಯಲ್ಲಿ ತೊಳೆದು ಮಾಯ ಮಾಡಿ ಅವರಿಗೆ ಒಪ್ಪಿಸೋದಾದ್ರೆ ಅವನ ಒಲೆ ಮುಂದೇನೇ ಇರ್ತಿದ್ನಲ್ಲ ನಾನು. ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ?"

ಹೆಂಗಸರು ತಮ್ಮ ತಮ್ಮ ಅಂಗಿ ಹಿಡಿದುಕೊಂಡು ತಮ್ಮ ತಮ್ಮ ಅಂಗಳಕ್ಕೆ ಹೋದರು.

ಆ ವಾರ ಸಿಯೋಲಾ ಮಾಡಿದಷ್ಟು ಚಂದದ ಇಸ್ತ್ರಿ ಆ ಊರು ಕಂಡಿರಲಿಲ್ಲ. ಕಾಲರು ಕತ್ತಿಯಂತೆ ನಿಂತಿತು, ಗುಂಡಿ ಹೊಳೆಯಿತು. ಎದೆಯ ತುಂಬ ತುಕ್ಕಿನ ಬಣ್ಣದ ಕಲೆ, ಮಸಿ ಚೆಲ್ಲಿದ ಹಾಗೆ. ಶನಿವಾರ ಆ ಅಂಗಿಯನ್ನು ಬುಟ್ಟಿಯ ಮೇಲುಗಡೆಯೇ ಮಡಿಸಿಟ್ಟಳು. ಬಿಳಿ ಬಟ್ಟೆ ಮುಚ್ಚಲಿಲ್ಲ. ಬುಟ್ಟಿಯನ್ನು ತಲೆಗೇರಿಸದೆ, ಎಲ್ಲರಿಗೂ ಕಾಣುವ ಹಾಗೆ ಸೊಂಟದ ಮೇಲಿಟ್ಟುಕೊಂಡು ದೊಡ್ಡ ಬೀದಿಯ ನಟ್ಟನಡುವೆ ನಡೆದಳು.  

ಬಕ್ನರ್ ಕ್ಷೌರದ ಅಂಗಡಿಯ ಜಗಲಿಯಲ್ಲಿ ಕೂತಿದ್ದ. ಪಕ್ಕದ ಔಷಧಿ ಅಂಗಡಿಯ ಮುಂದೆ ನಾಲ್ಕೈದು ಬಿಳಿ ಹೆಂಗಸರು, ಅವರಲ್ಲಿ ಅವನ ಹೆಂಡತಿಯೂ ಇದ್ದಳು. ಕೆಂಪು ದಾರವನ್ನು ಮೊದಲು ಗುರುತಿಸಿದವಳು ಅವಳೇ. ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಏನೇ ಅದು?" ಎಂದ ಬಕ್ನರ್.

"ನಿಮ್ಮ ಅಂಗಿ ಸಾಹೇಬ್ರೆ. ಎಷ್ಟು ಕುದಿಸಿದ್ರೂ ಬಿಡಲಿಲ್ಲ. ಅಪರಿಚಿತರದ್ದಿರ್ಬೇಕು."

ಅವನು ಎದ್ದುಬಂದು ಹೊಡೆದ ಮೊದಲ ಏಟಿಗೇ ಬುಟ್ಟಿ ಹಾರಿತು. ಎರಡನೆಯದಕ್ಕೆ ಅವಳು ಬಿದ್ದಳು. ಎದ್ದೇಳಲು ಊರಿದ ಬಲಗೈಯನ್ನು ಅವನು ಬೂಟಿನ ಹಿಮ್ಮಡಿಯಿಂದ ತುಳಿದು, ಸಿಗರೇಟು ಆರಿಸುವ ಹಾಗೆ ತಿರುಚಿದ. ಬೆರಳಿನ ಎಲುಬು ಮುರಿದ ಸದ್ದು ಔಷಧಿ ಅಂಗಡಿಯವರೆಗೂ ಕೇಳಿತು. ಸಿಯೋಲಾ ಕೂಗಿದಳು. ಅವನು ಸೊಂಟದಿಂದ ಪಿಸ್ತೂಲು ತೆಗೆದ.

ಆಗ ಹಿಂದಿನಿಂದ ವಾಷ್ಟಿ ಬಂದಳು. ಅರವತ್ತು ದಾಟಿದ ಹೆಂಗಸು, ತಲೆಯ ಮೇಲೆ ಬುಟ್ಟಿ, ನಡಿಗೆಯಲ್ಲಿ ಎಂದಿನ ನಿಧಾನ. ಬಕ್ನರ್‌ನ ಮುಂದೆ ಬುಟ್ಟಿ ಇಳಿಸಿ, ಮುಚ್ಚಿದ್ದ ಬಟ್ಟೆ ತೆಗೆದಳು. ನೀಲಿ ದಾರದ ಅಂಗಿ. ಎದೆಯ ಮೇಲೆ ಅದೇ ಕಂದು ಕಲೆ. ಯಾವಾಗ ಕುದಿಸಿದ್ದಳೋ, ಯಾರಿಗೂ ಹೇಳಿರಲಿಲ್ಲ. ಅವಳ ಹಿಂದೆ ಡೋವಿ, ಹಸಿರು ದಾರ. ಡೋವಿಯ ಹಿಂದೆ ಉಳಿದವರು. ಬೀದಿಯುದ್ದಕ್ಕೂ ಬುಟ್ಟಿಗಳು ಇಳಿದವು, ಬಟ್ಟೆಗಳು ಸರಿದವು. ಔಷಧಿ ಅಂಗಡಿಯ ಮುಂದಿದ್ದ ಹೆಂಗಸರು ತಮ್ಮ ತಮ್ಮ ದಾರ ಹುಡುಕಿದರು, ಕಂಡರು. ಒಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು.

"ಸಾಕು ಬಕ್ನರ್. ಹೆಂಗಸರು ನೋಡ್ತಿದಾರೆ," ಎಂದ ಔಷಧಿ ಅಂಗಡಿಯವನು. ಕರುಣೆಯಿಂದಲ್ಲ, ವಾಂತಿ ಮಾಡಿಕೊಂಡವಳು ಆ ಅಂಗಡಿಯವನದೇ ಹೆಂಡತಿ. ಬಕ್ನರ್ ಪಿಸ್ತೂಲನ್ನು ಒಳಗಿಟ್ಟ.

ಅವತ್ತಿನಿಂದ ಆ ಮನೆಗಳ ಗಂಟನ್ನು ಓಣಿಯಲ್ಲಿ ಯಾರೂ ಮುಟ್ಟಲಿಲ್ಲ, ಗ್ರೀರ್ ಮನೆಯದನ್ನೂ. ಕೇಳಿದರೆ ಸೊಂಟನೋವು, ಜ್ವರ, ಮೊಮ್ಮಗು ಹುಟ್ಟಿದೆ, ಇಂಥ ನೆಪ. ಸಿಯೋಲಾಳ ಬೆರಳುಗಳು ಅಡ್ಡಾದಿಡ್ಡಿ ಕೂಡಿಕೊಂಡವು. ಇಸ್ತ್ರಿಪೆಟ್ಟಿಗೆಯ ಹಿಡಿ ಅವುಗಳಿಗೆ ಸಿಗುತ್ತಿರಲಿಲ್ಲ. ನಾಲ್ಕು ಮನೆಯಲ್ಲಿ ಒಂದೂ ಉಳಿಯಲಿಲ್ಲ, ಡಬ್ಬಿಯಲ್ಲಿ ಜೋಳದ ಹಿಟ್ಟು ತಳ ಕಂಡಿತು.

ಮೂರನೆಯ ಸೋಮವಾರ ಬೆಳಿಗ್ಗೆ ಆಡಲೈನ್ ಅಮ್ಮ ಬಂದಳು. ಒಂಟಿ ಕುದುರೆಯ ಗಾಡಿ ತಾನೇ ಹೊಡೆದುಕೊಂಡು, ಕೈಗವಸು ಹಾಕಿಕೊಂಡು. ಗಂಡನಿಗೆ ಹೇಳದೆ ಬಂದಿದ್ದಳು. ಅಂಗಳದೊಳಗೆ ಬಂದು, ಚಾವಟಿ ಕೈಯಲ್ಲಿಟ್ಟುಕೊಂಡೇ ನಿಂತಳು.

"ಈ ಕೈಲಿ ಹೇಗೆ ಬದುಕ್ತೀಯೇ? ವಾಪಸ್ ಬಾ. ಅವರು ಇನ್ನು ನಿನ್ನ ತಂಟೆಗೆ ಬರಲ್ಲ. ಬೇಕಾದ್ರೆ ನಿನ್ನ ಕೋಣೆಗೆ ಒಳಚಿಲಕ ಹಾಕಿಸ್ಕೊಡ್ತೀನಿ."

ಆ ಗೂಡಿನ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ ಎಂಬುದು ಆಡಲೈನ್‌ಗೆ ಗೊತ್ತಿತ್ತು. ಅದು ಯಾಕೆ ಬೇಕಿತ್ತು ಎಂಬುದೂ ಗೊತ್ತಿತ್ತು. ಇಷ್ಟು ವರ್ಷವೂ.

ಸುಳ್ಳು ಯಾಕೆ, ಸಿಯೋಲಾಳ ಮನಸ್ಸು ಒಂದು ಗಳಿಗೆ ತೂಗಾಡಿತು. ಅಲ್ಲಿ ರೊಟ್ಟಿ ಇತ್ತು, ಹಂದಿಮಾಂಸ ಇತ್ತು, ಸೌಟು ಹಿಡಿಯಲು ಎಡಗೈ ಸಾಕಿತ್ತು. ಅವಳು ಎರಡು ದಿನದಿಂದ ಉಂಡಿರಲಿಲ್ಲ.

ಅವಳ ಮೌನವನ್ನು ಒಪ್ಪಿಗೆಯೆಂದುಕೊಂಡು ಆಡಲೈನ್ ಕೈಗವಸು ಕಳಚಿದಳು. ಅಂಗೈ ಕೆಂಪಾಗಿ ಸುಲಿದಿತ್ತು.

"ನೋಡು, ನಂಗೂ ಗೊತ್ತು ಕಣೇ ನಿಮ್ಮ ಕಷ್ಟ. ಈಗ ಎಲ್ಲಾ ನಾನೇ ಒಗೀತಿದೀನಿ. ನಿನ್ನಣ್ಣ ಸತ್ತ ಶನಿವಾರ ನಮ್ಮವರ ಅಂಗೀನೂ ನಾನೇ ಒಗೆದೆ, ಯಾರ ಕಣ್ಣಿಗೂ ಬೀಳ್ದ ಹಾಗೆ. ತಣ್ಣೀರಲ್ಲಿ, ಉಪ್ಪು ಹಾಕಿ, ನಾಲ್ಕು ಸಲ. ನಿನ್ನವ್ವ ಹೇಳ್ಕೊಟ್ಟಿದ್ಲು. ಒಂದು ಚೂರೂ ಉಳೀಲಿಲ್ಲ."

ಭೇಷ್ ಅನ್ನಿಸಿಕೊಳ್ಳಲು ಕಾದವಳ ಹಾಗೆ ನಿಂತಿದ್ದಳು.

"ಆ ನೀರು ಎಲ್ಲಿ ಚೆಲ್ಲಿದ್ರಿ?" ಎಂದಳು ಸಿಯೋಲಾ.

"ಏನು?"

"ನಮ್ಮಣ್ಣನ್ನ ಎಲ್ಲಿ ಚೆಲ್ಲಿದ್ರಿ ಅಂತ ಕೇಳ್ದೆ."

ಆಡಲೈನ್ ಕಣ್ಣು ಪಿಳುಕಿಸಿದಳು. ಅವಳಿಗೆ ಸುಳ್ಳು ಹೇಳಬೇಕೆಂದು ತೋಚಲಿಲ್ಲ. "ಗುಲಾಬಿ ಗಿಡದ ಬುಡಕ್ಕೆ," ಎಂದಳು.

"ಹೋಗಿ ಇಲ್ಲಿಂದ. ನಾನು ಬರಲ್ಲ. ಸತ್ರೂ ಬರಲ್ಲ. ನನ್ನ ಅಂಗಳದಿಂದ ಆಚೆ ನಡೀರಿ."

ಚಾವಟಿ ಸಿಯೋಲಾಳ ಕೆನ್ನೆ ಸೀಳಿತು. ಎರಡನೆಯ ಸಲ ಬೀಸಿದಾಗ ಅವಳು ಎಡಗೈಯಲ್ಲಿ ಅದನ್ನು ಹಿಡಿದು ಜಗ್ಗಿದಳು. ಆಡಲೈನ್ ಮೊಣಕಾಲೂರಿ ಬಿದ್ದಳು. ಚಾವಟಿ ಈಗ ಸಿಯೋಲಾಳ ಕೈಯಲ್ಲಿತ್ತು. ಬೇಲಿಯಾಚೆಯಿಂದ ವಾಷ್ಟಿ "ಬೇಡ ಮಗಾ!" ಎಂದು ಕೂಗಿದಳು. ಸಿಯೋಲಾ ಹೊಡೆಯಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಹೊಡೆದಳು. ಹೆಗಲಿಗೆ, ಬೆನ್ನಿಗೆ, ರೇಷ್ಮೆ ಹರಿಯುವ ಹಾಗೆ, ಮೂರು ಏಟು. ಆಮೇಲೆ ಚಾವಟಿಯನ್ನು ಹಂಡೆಯ ಕೆಳಗಿನ ಬೆಂಕಿಗೆ ಎಸೆದಳು.

ಆಡಲೈನ್ ಶಾಲು ಹೊದ್ದು, ತಡವರಿಸುತ್ತ ಗಾಡಿ ಹತ್ತಿದಳು. ಇಲ್ಲಿಗೆ ಬಂದದ್ದನ್ನೂ ಅಂಗಿಯ ಮಾತು ಬಾಯಿಬಿಟ್ಟದ್ದನ್ನೂ ಗಂಡನಿಗೆ ಹೇಳಲು ಅವಳಿಗೆ ಧೈರ್ಯ ಬರಬೇಕು. ಸಂಜೆಯೊಳಗೆ ಬರಬಹುದು, ಬರದೆಯೂ ಇರಬಹುದು. ಕಾದು ನೋಡುವ ಹಾಗಿರಲಿಲ್ಲ.

"ಹನ್ನೊಂದು ಗಂಟೆಗೆ ಅಟ್ಲಾಂಟಾ ರೈಲು," ಎಂದಳು ವಾಷ್ಟಿ, ಉಸಿರುಬಿಡುತ್ತ. "ಅಲ್ಲಿ ನಮ್ಮ ಸಂಘದ ಹೆಂಗಸ್ರಿದಾರೆ. ನನ್ನ ಹೆಸರು ಹೇಳು. ಮುಖ ತೊಳ್ಕೋ ಮೊದ್ಲು."

ಸೋಮವಾರವಾದದ್ದರಿಂದ ಬೀದಿಯ ತುಂಬ ಗಂಟು ಹೊತ್ತ ಕರಿಯ ಹೆಂಗಸರು. ಏಳು ಜನ ಅಗಸಗಿತ್ತಿಯರು ಸಾಲಾಗಿ ನಿಲ್ದಾಣದ ಕಡೆ ನಡೆದರು, ನಡುವೆ ಸಿಯೋಲಾ, ಕೆನ್ನೆಯವರೆಗೆ ತಲೆವಸ್ತ್ರ ಬಿಗಿದು, ಮುರಿದ ಕೈಯನ್ನು ಗಂಟಿನೊಳಗೆ ತೂರಿಸಿ. ನಿಲ್ದಾಣದ ಬಾಗಿಲಲ್ಲಿ ಬಕ್ನರ್ ಕಂಬಕ್ಕೆ ಒರಗಿದ್ದ. ಗಂಟುಗಳು ಹತ್ತಿರ ಬಂದಾಗ ಅವನು ಮುಖ ಆಚೆ ತಿರುಗಿಸಿದ. ಬುಟ್ಟಿಗಳು ಇಳಿದ ಆ ಶನಿವಾರದ ಮೇಲೆ ಅವನು ಈ ಹೆಂಗಸರ ಕಡೆ ನೋಡುತ್ತಿರಲಿಲ್ಲ. ಸಿಯೋಲಾ ಅವನ ತೋಳಿಗೆ ಗಂಟು ತಾಗುವಷ್ಟು ಹತ್ತಿರದಿಂದ ಹಾದುಹೋದಳು.

ರೈಲುಡಬ್ಬಿಯಲ್ಲಿ ಕೂರಿಸುವಾಗ ಡೋವಿ ಅವಳ ಮಡಿಲಿಗೆ ಬಿಸಿ ರೊಟ್ಟಿಯ ಪೊಟ್ಟಣ ಹಾಕಿದಳು. "ಅಟ್ಲಾಂಟಾದ ಪಾದ್ರಿಗಳ ಚಡ್ಡಿ ಹೇಗಿರುತ್ತೆ ಅಂತ ಕಾಗದ ಬರೆಸು," ಎಂದು, ಮುಂದೆ ಮಾತು ಬಾರದೆ ಓಡಿಹೋದಳು.

ರೈಲು ಹೊರಟು ಇಟ್ಟಿಗೆ ಗೂಡಿನ ತಿರುವಿಗೆ ಬಂತು. ಹೊಗೆ ಏಳುತ್ತಿತ್ತು, ಯಾರೋ ಬೇರೆಯವನು ಅಣ್ಣನ ಜಾಗದಲ್ಲಿ ನಿಂತು ಇಟ್ಟಿಗೆ ಪೇರಿಸುತ್ತಿದ್ದ. ಸಿಯೋಲಾ ರೊಟ್ಟಿ ಮುರಿದು ಬಾಯಿಗಿಟ್ಟಳು. ಅಗಿಯಲಾಗಲಿಲ್ಲ. ಮೂರು ವಾರದಿಂದ ಬಾರದಿದ್ದ ಅಳು ಆಗ ಬಂತು. ಅವಳು ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಡಬ್ಬಿಯ ಜನರೆಲ್ಲ ತಿರುಗಿ ನೋಡುವ ಹಾಗೆ, ಅಣ್ಣಾ ಅಣ್ಣಾ ಎಂದು ದೊಡ್ಡ ದನಿಯಲ್ಲಿ ಅತ್ತಳು.